ದೂರ ಕೇಳಿದಿರಿ, ತೂಕ ಕೇಳಿದಿರಾ?

ವರ್ಷಕ್ಕೆ ಒಂದೆರಡು ಬಾರಿಯಾದರೂ ನಮ್ಮ ಪತ್ರಿಕೆಗಳಲ್ಲಿ ‘ಭೂಮಿಯನ್ನೇ ಹೋಲುವ ಗ್ರಹ ಪತ್ತೆ’ ಎಂಬ ಸುದ್ದಿ ಬರುತ್ತದೆ. ಜೊತೆಗೆ ನೀಲಿ ಸಮುದ್ರ, ಬಿಳಿ ಮೋಡಗಳ ಚಿತ್ರವೂ ಇರುತ್ತದೆ. ಆ ಚಿತ್ರ ಕಲಾವಿದನ ಕೈಚಳಕ. ದೂರದರ್ಶಕಕ್ಕೆ ಸಿಕ್ಕಿದ್ದು ನಕ್ಷತ್ರದ ಬೆಳಕಿನಲ್ಲಾದ ಒಂದಿಷ್ಟು ಏರುಪೇರು ಮಾತ್ರ. 2025ರ ಏಪ್ರಿಲ್‌ನಲ್ಲಿ ಕೆ2-18ಬಿ ಎಂಬ ಗ್ರಹದ ಸರದಿ ಬಂತು. 124 ಜ್ಯೋತಿರ್ವರ್ಷ ದೂರದ ಆ ಗ್ರಹದ ಗಾಳಿಯಲ್ಲಿ ಡೈಮೀಥೈಲ್ ಸಲ್ಫೈಡ್ ಅನಿಲದ ಸುಳಿವಿದೆ ಎಂದು ಕೇಂಬ್ರಿಡ್ಜ್‌ನ ನಿಕ್ಕು ಮಧುಸೂದನ್ ಅವರ ತಂಡ ಹೇಳಿತು. ನಮ್ಮ ಭೂಮಿಯಲ್ಲಿ ಅದನ್ನು ಹೆಚ್ಚಾಗಿ ಹೊರಬಿಡುವುದು ಕಡಲಿನ ಸೂಕ್ಷ್ಮ ಸಸ್ಯಗಳು. ಬೇರೆ ತಂಡಗಳು ಅದೇ ದತ್ತಾಂಶವನ್ನು ಮತ್ತೆ ಜಾಲಾಡಿ, ಅಷ್ಟು ಗಟ್ಟಿ ಸುಳಿವೇನೂ ಇಲ್ಲ ಎಂದವು. ಆ ಜಗಳ ಇನ್ನೂ ಮುಗಿದಿಲ್ಲ, ಇರಲಿ. ನಾನು ಗಮನಿಸಿದ್ದು ಬೇರೆ: ಗ್ರಹ ‘ವಾಸಯೋಗ್ಯ ವಲಯ’ದಲ್ಲಿದೆ ಎಂಬ ಮಾತು ಸುದ್ದಿಯ ಮೊದಲ ಸಾಲುಗಳಲ್ಲೇ ಸಿಗುತ್ತದೆ, ಅದರ ತೂಕ ಭೂಮಿಯ ಎಂಟೂವರೆ ಪಟ್ಟು ಎಂಬುದನ್ನು ಹುಡುಕಿಕೊಂಡು ಕೆಳಗಿಳಿಯಬೇಕಾಗುತ್ತದೆ.

ನಕ್ಷತ್ರಕ್ಕೆ ತೀರಾ ಹತ್ತಿರವೂ ಅಲ್ಲದ, ತೀರಾ ದೂರವೂ ಅಲ್ಲದ, ನೆಲದ ಮೇಲೆ ನೀರು ನೀರಾಗಿಯೇ ನಿಲ್ಲಬಹುದಾದ ಪಟ್ಟಿಗೆ ವಾಸಯೋಗ್ಯ ವಲಯ ಎನ್ನುತ್ತಾರೆ. ವಿಚಾರ ಸುಳ್ಳಲ್ಲ. ಆದರೆ ನಮ್ಮ ಸೂರ್ಯನ ಆ ಪಟ್ಟಿಯೊಳಗೆ, ಭೂಮಿಯಷ್ಟೇ ದೂರದಲ್ಲಿ, ಅಷ್ಟೇ ಬಿಸಿಲು ಕಾಯುತ್ತ ಇನ್ನೊಂದು ಲೋಕವೂ ಇದೆ. ಅಲ್ಲಿ ಗಾಳಿಯಿಲ್ಲ, ಹೊಳೆಯಿಲ್ಲ, ಹುಲ್ಲಿನ ಎಸಳಿಲ್ಲ. ಹಗಲಿನ ನೆಲ 120 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ಇರುಳಿನದು ಸೊನ್ನೆಗಿಂತ 130 ಡಿಗ್ರಿ ಕೆಳಗಿಳಿಯುತ್ತದೆ. ದಿನಾ ರಾತ್ರಿ ತಲೆಯೆತ್ತಿದರೆ ಕಾಣುವ ಚಂದ್ರನೇ ಅದು. ಅವನಿಗೆ ಬಿಸಿಲಿನ ಕೊರತೆಯಿಲ್ಲ. ಕೊರತೆಯಿರುವುದು ತೂಕದ್ದು: ಭೂಮಿಯ 81ರಲ್ಲಿ ಒಂದು ಪಾಲು.

ದೂರಕ್ಕಿಂತ ಮೊದಲು ಕೇಳಬೇಕಾದ್ದು ಗುರುತ್ವದ ವಿಚಾರ ಎಂಬ ಈ ನನ್ನ ತಕರಾರಿಗೆ ಬೇಕಾದ ಸಾಕ್ಷಿಗಳಲ್ಲಿ ಬಹುಪಾಲು ಒಂದೇ ಸೀಮೆಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಮುತ್ತ ಸಿಗುತ್ತವೆ. ಬೆಂಗಳೂರಿಗೆ ಆ ಬೇ ಏರಿಯಾ ಗೊತ್ತಿರುವುದು ಸಾಫ್ಟ್‌ವೇರ್‌ನಿಂದ. ಸನಿವೇಲ್, ಕ್ಯೂಪರ್ಟಿನೊ, ಫ್ರೀಮಾಂಟ್‌ಗಳಲ್ಲಿ ಮನೆ ಮಾಡಿರುವ ನಮ್ಮವರು 101 ಹೆದ್ದಾರಿಯಲ್ಲಿ ಕೆಲಸಕ್ಕೆ ಹೋಗುವಾಗ ಮಾಫೆಟ್ ಫೀಲ್ಡ್‌ನ ದೈತ್ಯ ಹ್ಯಾಂಗರನ್ನು ದಾಟುತ್ತಾರೆ. 1930ರ ದಶಕದಲ್ಲಿ ವಾಯುನೌಕೆ ನಿಲ್ಲಿಸಲೆಂದು ಕಟ್ಟಿದ ಆ ಹ್ಯಾಂಗರಿನ ನೆರೆಯಲ್ಲೇ ನಾಸಾದ ಏಮ್ಸ್ ಸಂಶೋಧನಾ ಕೇಂದ್ರವಿದೆ. ಹವೆ ತಿಳಿಯಾಗಿದ್ದ ದಿನ ಪೂರ್ವಕ್ಕೆ ಕಣ್ಣು ಹಾಯಿಸಿದರೆ ಮೌಂಟ್ ಹ್ಯಾಮಿಲ್ಟನ್ ನೆತ್ತಿಯ ಮೇಲೆ ಲಿಕ್ ವೀಕ್ಷಣಾಲಯದ ಬಿಳಿ ಗುಮ್ಮಟಗಳು ಕಾಣುತ್ತವೆ.

ವಲಯದ ಮಾತಿಗೂ ಈ ಸೀಮೆಯೊಂದಿಗೆ ಹಳೆಯ ನಂಟಿದೆ. 1950ರ ದಶಕದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ ಖಗೋಳ ವಿಜ್ಞಾನಿ ಸು-ಶು ಹುವಾಂಗ್ 1959ರಲ್ಲಿ ಬರೆದ ಲೇಖನಗಳಿಂದ ಅದು ಚಾಲ್ತಿಗೆ ಬಂತು. 1993ರಲ್ಲಿ ಜೇಮ್ಸ್ ಕಾಸ್ಟಿಂಗ್, ಡೇನಿಯಲ್ ವಿಟ್‌ಮೈರ್ ಮತ್ತು ಏಮ್ಸ್‌ನ ರೇ ರೆನಾಲ್ಡ್ಸ್ ಸೇರಿ ಅದಕ್ಕೆ ಲೆಕ್ಕದ ಗೆರೆ ಎಳೆದರು. ಭೂಮಿಗೂ ಸೂರ್ಯನಿಗೂ ಇರುವ ದೂರವನ್ನು 1 ಎಂದಿಟ್ಟುಕೊಂಡರೆ, ಬಿಗಿ ಲೆಕ್ಕದ ಪಟ್ಟಿ 0.95ರಿಂದ 1.37ರವರೆಗೆ. ಶುಕ್ರ 0.72ರಲ್ಲಿದೆ, ಪಟ್ಟಿಗಿಂತ ಸೂರ್ಯನ ಕಡೆಗೆ, ಸುಡುಬಿಸಿಲಲ್ಲಿ. ಮಂಗಳ 1.52ರಲ್ಲಿ, ಹೊರಗಡೆಯ ಚಳಿಯಲ್ಲಿ. ಇಂದಿಗೂ ಸುದ್ದಿಗಳಲ್ಲಿ ಓದುವ ವಲಯಕ್ಕೆ ಬುನಾದಿ ಆ ಪ್ರಬಂಧವೇ. ರೆನಾಲ್ಡ್ಸ್ ಎಂಬ ಹೆಸರನ್ನು ನೆನಪಿಡಿ.

ಮೊದಲು ಗಾಳಿಯ ವಿಚಾರ. ಯಾವುದೇ ಗ್ರಹದ ಹಿಡಿತದಿಂದ ಪಾರಾಗಿ ಹೋಗಲು ಬೇಕಾದ ವೇಗಕ್ಕೆ ವಿಮೋಚನಾ ವೇಗ ಎನ್ನುತ್ತಾರೆ. ಭೂಮಿಯಲ್ಲಿ ಅದು ಸೆಕೆಂಡಿಗೆ 11.2 ಕಿ.ಮೀ., ಶುಕ್ರದಲ್ಲಿ 10.4, ಮಂಗಳದಲ್ಲಿ 5, ಚಂದ್ರನಲ್ಲಿ ಬರೀ 2.4. ರಾಕೆಟ್ಟಿಗೆ ಮಾತ್ರವಲ್ಲ, ಗಾಳಿಯ ಒಂದೊಂದು ಅಣುವಿಗೂ ಇದೇ ಕಾನೂನು. ನಮ್ಮ ಕೋಣೆಯ ಬಿಸಿಯಲ್ಲಿ ಆಮ್ಲಜನಕದ ಅಣು ಸೆಕೆಂಡಿಗೆ ಸುಮಾರು ಅರ್ಧ ಕಿ.ಮೀ. ವೇಗದಲ್ಲಿ ಓಡಾಡುತ್ತಿರುತ್ತದೆ, ಹಗುರವಾದ ಜಲಜನಕ ಸುಮಾರು 1.8 ಕಿ.ಮೀ. ವೇಗದಲ್ಲಿ. ಇವು ಸರಾಸರಿಗಳು. ಗುಂಪಿನಲ್ಲಿ ಕೆಲವು ಅಣುಗಳು ಸರಾಸರಿಯ ಹಲವು ಪಟ್ಟು ಚುರುಕಾಗಿರುತ್ತವೆ, ವಾಯುಮಂಡಲದ ತುತ್ತತುದಿಯಲ್ಲಿ ಬಿಸಿಯೂ ಹೆಚ್ಚು. ಹಾಗಾಗಿ ಭೂಮಿಯಂಥ ಭೂಮಿಯಿಂದಲೂ ಸೆಕೆಂಡಿಗೆ ಸುಮಾರು ಮೂರು ಕಿಲೋ ಜಲಜನಕ ಬಾಹ್ಯಾಕಾಶಕ್ಕೆ ಸೋರಿಹೋಗುತ್ತಿದೆ. ನಮ್ಮಲ್ಲಿ ಸಮುದ್ರಗಳು ಉಳಿದಿರುವುದು ನೀರಿನ ಆವಿ ಮೇಲಿನ ಚಳಿಯಲ್ಲಿ ಮೋಡವಾಗಿ ಮಳೆಯಾಗಿ ಕೆಳಗೇ ಬೀಳುವುದರಿಂದ. ಆವಿ ತುದಿಯವರೆಗೆ ಏರಿದ್ದರೆ ಬಿಸಿಲು ಅದನ್ನು ಒಡೆದು ಜಲಜನಕವನ್ನು ಬಿಟ್ಟುಕೊಡುತ್ತಿತ್ತು.

ಹಾಗೆ ಏರಿಹೋದ ಕಥೆ ಶುಕ್ರನದು. ಅದಕ್ಕೆ ಸಾಕ್ಷಿ ತಂದದ್ದು ಏಮ್ಸ್ ಕೇಂದ್ರ ನಡೆಸಿದ ಪಯೊನೀರ್ ವೀನಸ್ ಯಾನ. 1978ರ ಡಿಸೆಂಬರ್ 9ರಂದು ಅದರ ನಾಲ್ಕು ಶೋಧಕಗಳು ಶುಕ್ರನ ಮೋಡಗಳೊಳಗೆ ಧುಮುಕಿದವು. ದೊಡ್ಡ ಶೋಧಕದ ಅಳತೆಗಳಲ್ಲಿ ಡ್ಯುಟೀರಿಯಂ ಎಂಬ ಭಾರದ ಜಲಜನಕ, ಸಾಮಾನ್ಯ ಜಲಜನಕಕ್ಕೆ ಹೋಲಿಸಿದರೆ, ಭೂಮಿಯಲ್ಲಿರುವುದಕ್ಕಿಂತ ನೂರು ಪಟ್ಟು ಹೆಚ್ಚು ಕಂಡಿತು. ಹಗುರ ಜಲಜನಕ ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ, ಅದರ ಎರಡರಷ್ಟು ತೂಗುವ ಡ್ಯುಟೀರಿಯಂ ಹಿಂದೆ ಉಳಿಯುತ್ತದೆ. ಉಳಿದ ಗಸಿಯ ಪ್ರಮಾಣ ನೋಡಿ ಎಷ್ಟು ನೀರು ಹೋಗಿರಬಹುದೆಂದು ಅಂದಾಜು ಮಾಡಬಹುದು. ಇಂದು ಒಣಗಿ, 460 ಡಿಗ್ರಿಯಲ್ಲಿ ಬೇಯುತ್ತಿರುವ ಶುಕ್ರನಲ್ಲಿ ಒಂದು ಕಾಲಕ್ಕೆ ಈಗಿರುವುದಕ್ಕಿಂತ ಬಹಳ ಹೆಚ್ಚು ನೀರಿತ್ತು.

ಮಂಗಳ ಇದಕ್ಕೆ ತದ್ವಿರುದ್ಧ ದಾರಿಯಲ್ಲಿ ಅದೇ ಗತಿಗೆ ಬಂತು. ತೂಕದಲ್ಲಿ ಭೂಮಿಯ ಹತ್ತರಲ್ಲೊಂದು. ಸಣ್ಣ ಗ್ರಹಕ್ಕೆ ಎರಡು ಕಡೆಯಿಂದ ನಷ್ಟ. ಗಾಳಿಯನ್ನು ಹಿಡಿದಿಡುವ ಬಲ ಕಡಿಮೆ, ಮೇಲಾಗಿ ಒಡಲು ಬೇಗ ತಣಿಯುತ್ತದೆ. ಒಡಲು ತಣಿದಂತೆ ಒಳಗಿನ ದ್ರವ ಕಬ್ಬಿಣದ ಕಲಕಾಟ ನಿಂತು, ಗ್ರಹವಿಡೀ ಆವರಿಸಿದ್ದ ಕಾಂತಕ್ಷೇತ್ರವೂ ಹೋಯಿತು. ಆಮೇಲೆ ಸೂರ್ಯನಿಂದ ಬೀಸುವ ಕಣಗಳ ಗಾಳಿ ಮಂಗಳದ ಗಾಳಿಯನ್ನು ಕೆರೆಯುತ್ತ ಬಂತು. 2014ರಿಂದ ಮಂಗಳವನ್ನು ಸುತ್ತಿದ ಮೇವೆನ್ ನೌಕೆಯ ಅಳತೆಗಳ ಪ್ರಕಾರ ಅಲ್ಲಿನ ಆರ್ಗಾನ್ ಅನಿಲದಲ್ಲೇ ಸುಮಾರು 65 ಶೇಕಡಾ ಬಾಹ್ಯಾಕಾಶದ ಪಾಲಾಗಿದೆ. ಈಗ ಉಳಿದಿರುವ ಗಾಳಿಯ ಒತ್ತಡ ನಮ್ಮದರ ನೂರರಲ್ಲೊಂದು ಪಾಲೂ ಇಲ್ಲ.

ಗುರುತ್ವವೊಂದೇ ಎಲ್ಲವನ್ನೂ ತೀರ್ಮಾನಿಸುತ್ತದೆ ಎಂದು ನಾನು ಹೇಳಿದರೆ ಶನಿಯ ಚಂದ್ರ ಟೈಟನ್ ಅಡ್ಡ ಬರುತ್ತಾನೆ. ಅವನ ವಿಮೋಚನಾ ವೇಗ ನಮ್ಮ ಚಂದ್ರನಿಗಿಂತ ತುಸುವೇ ಹೆಚ್ಚು, ಆದರೂ ಗಾಳಿಯ ಒತ್ತಡ ನಮ್ಮ ಒಂದೂವರೆ ಪಟ್ಟು. ಸೊನ್ನೆಗಿಂತ 179 ಡಿಗ್ರಿ ಕೆಳಗಿನ ಚಳಿಯಲ್ಲಿ ಅಣುಗಳಿಗೆ ಓಡುವ ಚೈತನ್ಯವೇ ಇಲ್ಲ. ಇಂಥ ಇನ್ನೊಂದು ಚಂದ್ರನ ವಿಚಾರಣೆ ನಮ್ಮ ಮನೆಯ ಹತ್ತಿರವೂ ನಡೆದಿತ್ತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ, ತಮಿಳುನಾಡಿನ ಜವಾದಿ ಬೆಟ್ಟಗಳ ಕಾವಲೂರು ವೀಕ್ಷಣಾಲಯದಿಂದ 1972ರ ಜೂನ್ 7ರಂದು, ಗುರುವಿನ ದೊಡ್ಡ ಚಂದ್ರ ಗ್ಯಾನಿಮೀಡ್ ಒಂದು ನಕ್ಷತ್ರವನ್ನು ಮರೆಮಾಡಿದ್ದನ್ನು ನೋಡಿದರು. ನಕ್ಷತ್ರದ ಬೆಳಕು ಆರಿದ ಬಗೆ ನೋಡಿ, ಗ್ಯಾನಿಮೀಡ್‌ಗೆ ತೆಳುವಾದ ಗಾಳಿಯಿದೆ ಎಂದು ಜೆ.ಸಿ. ಭಟ್ಟಾಚಾರ್ಯರೂ ವಿದೇಶಿ ಸಹೋದ್ಯೋಗಿಗಳೂ ಬರೆದರು. ಮುಂದೆ ವಾಯೇಜರ್ ನೌಕೆ ಹತ್ತಿರ ಹೋಗಿ ನೋಡಿದಾಗ ಅಷ್ಟು ಗಾಳಿಯೂ ಕಾಣಲಿಲ್ಲ. ನಕ್ಷತ್ರವೊಂದು ಕಣ್ಣು ಮುಚ್ಚುವ ಹೊತ್ತಿನಲ್ಲಿ ಗಾಳಿಯ ಲೆಕ್ಕ ಹಿಡಿಯುವುದು ಎಷ್ಟು ನಾಜೂಕಿನ ಕೆಲಸ ಎಂಬುದಕ್ಕೆ ಇದು ಸಾಕು. ಕೆ2-18ಬಿ ಸುದ್ದಿ ಓದುವಾಗ ಇದು ನೆನಪಿದ್ದರೆ ಒಳ್ಳೆಯದು.

ಭೂಮಿಯ ಗಾತ್ರ ನಮಗೆ ಇನ್ನೊಂದು ಉಪಕಾರ ಮಾಡಿದೆ. ಒಡಲು ಇನ್ನೂ ಬಿಸಿಯಾಗಿರುವುದರಿಂದ ನೆಲದ ಹಲಗೆಗಳು ಚಲಿಸುತ್ತಿವೆ. ಮಳೆ ಗಾಳಿಯಿಂದ ತೊಳೆದು ಕಲ್ಲಿನಲ್ಲಿ ಸೇರಿಸಿದ ಇಂಗಾಲದ ಡೈಆಕ್ಸೈಡನ್ನು ಜ್ವಾಲಾಮುಖಿಗಳು ಮತ್ತೆ ಹೊರಹಾಕುತ್ತವೆ, ಕೋಟ್ಯಂತರ ವರ್ಷಗಳ ಮಟ್ಟಿಗೆ ಹವೆ ಹದ ತಪ್ಪದಂತೆ ಕಾಯುತ್ತವೆ. ಫ್ರೀಮಾಂಟ್‌ನಲ್ಲಿ ಹೇವರ್ಡ್ ಬಿರುಕಿನ ಪಕ್ಕ ದುಬಾರಿ ಮನೆ ಕೊಂಡು, ಭೂಕಂಪದ ವಿಮೆಯ ಕಂತು ನೋಡಿ ನಿಟ್ಟುಸಿರು ಬಿಡುವ ಕನ್ನಡಿಗರಿಗೆ ಇದು ಸಮಾಧಾನ ತರುತ್ತದೆಂದು ನಾನೇನೂ ನಂಬಿಲ್ಲ.

ಈಗ ರೆನಾಲ್ಡ್ಸ್ ಕಡೆಗೆ ಬರೋಣ. ಅದಕ್ಕೆ ಮೊದಲು ಗೋಲ್ಡನ್ ಗೇಟ್. ಆ ಪ್ರಸಿದ್ಧ ಸೇತುವೆಯ ಹತ್ತಿರ 1854ರಿಂದ ಕಡಲಿನ ಮಟ್ಟ ಅಳೆಯುತ್ತ ಬಂದಿದ್ದಾರೆ. ಅಮೆರಿಕದಲ್ಲಿ ಇಷ್ಟು ದೀರ್ಘಕಾಲ ಎಡೆಬಿಡದೆ ನಡೆದ ಉಬ್ಬರ ಇಳಿತದ ದಾಖಲೆ ಬೇರೆಯಿಲ್ಲ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಒಂದರಂತೆ ಇನ್ನೊಂದಿಲ್ಲ. ದೊಡ್ಡ ಉಬ್ಬರಕ್ಕೂ ದೊಡ್ಡ ಇಳಿತಕ್ಕೂ ಸರಾಸರಿ ಒಂದೂಮುಕ್ಕಾಲು ಮೀಟರ್ ಅಂತರ. ಚಂದ್ರ ಭೂಮಿಯ ಹತ್ತಿರದ ಮಗ್ಗುಲನ್ನು ಹೆಚ್ಚು, ದೂರದ ಮಗ್ಗುಲನ್ನು ಕಡಿಮೆ ಎಳೆಯುವುದರಿಂದ ಆಗುವ ಜಗ್ಗಾಟವಿದು. ನೀರೊಂದೇ ಅಲ್ಲ, ಕಾಲಡಿಯ ನೆಲವೂ ದಿನಕ್ಕೆರಡು ಸಲ ಒಂದಡಿಯಷ್ಟು ಏರಿಳಿಯುತ್ತದೆ, ನಮಗೆ ತಿಳಿಯುವುದಿಲ್ಲ. ಈ ಜಗ್ಗಾಟದಲ್ಲಿ ಭೂಮಿಯ ಬುಗುರಿ ನಿಧಾನವಾಗುತ್ತಿದೆ, ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಸರಿಯುತ್ತಿದ್ದಾನೆ. ಆ ದೂರವನ್ನು ಅಳೆಯಲು ಅಪೊಲೊ 11ರ ಯಾತ್ರಿಕರು ಚಂದ್ರನ ಮೇಲೆ ಬಿಟ್ಟುಬಂದ ಪ್ರತಿಫಲಕಕ್ಕೆ ಲೇಸರ್ ಬೆಳಕು ಹಾಯಿಸಿ, ಮರಳಿ ಬಂದದ್ದನ್ನು ಮೊದಲು ಹಿಡಿದದ್ದು ಲಿಕ್ ವೀಕ್ಷಣಾಲಯವೇ, 1969ರ ಆಗಸ್ಟ್ 1ರಂದು.

ಇದೇ ಲೆಕ್ಕವನ್ನು ಗುರುವಿನ ಬಳಿಗೆ ಒಯ್ದರೆ? ಗುರು ಭೂಮಿಯ 318 ಪಟ್ಟು ತೂಗುತ್ತದೆ. ಅದರ ಚಂದ್ರ ಅಯೋ ಇರುವುದು ನಮ್ಮ ಚಂದ್ರ ನಮ್ಮಿಂದ ಇರುವುದಕ್ಕಿಂತ ಸ್ವಲ್ಪವೇ ದೂರ, ನಾಲ್ಕು ಲಕ್ಷ ಇಪ್ಪತ್ತು ಸಾವಿರ ಕಿ.ಮೀ. ಅಯೋ ಒಂಟಿಯಾಗಿದ್ದಿದ್ದರೆ ಅದರ ಹಾದಿ ಎಂದೋ ದುಂಡಗಾಗಿ, ಉಬ್ಬು ಒಂದೇ ಕಡೆ ನಿಂತು, ಎಲ್ಲ ಶಾಂತವಾಗಿರುತ್ತಿತ್ತು. ಆದರೆ ಅಯೋ ನಾಲ್ಕು ಸುತ್ತು ಹಾಕುವಷ್ಟರಲ್ಲಿ ಯುರೋಪಾ ಎರಡು, ಗ್ಯಾನಿಮೀಡ್ ಒಂದು ಸುತ್ತು ಹಾಕುತ್ತವೆ. ಈ ತಾಳ ತಪ್ಪದ ಕಾರಣ ಅಕ್ಕಪಕ್ಕದವರ ಎಳೆತ ಪ್ರತಿ ಬಾರಿಯೂ ಲೆಕ್ಕಕ್ಕೆ ಸರಿಯಾಗಿ ಬಿದ್ದು ಅಯೋ ಹಾದಿಯನ್ನು ದುಂಡಗಾಗಲು ಬಿಡುವುದಿಲ್ಲ. ಗುರುವಿಗೆ ಅದರ ದೂರ ಎರಡು ದಿನಕ್ಕೂ ಕಡಿಮೆ ಅವಧಿಯಲ್ಲಿ ಮೂರೂವರೆ ಸಾವಿರ ಕಿ.ಮೀ.ನಷ್ಟು ಹೆಚ್ಚು ಕಡಿಮೆಯಾಗುತ್ತದೆ. ಹತ್ತಿರವಾದಾಗ ಬಂಡೆಯ ನೆಲ ಉಬ್ಬುತ್ತದೆ, ದೂರವಾದಾಗ ಕುಸಿಯುತ್ತದೆ, ನೂರು ಮೀಟರಿನವರೆಗೆ. ತಂತಿಯನ್ನು ಒಂದೇ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಿದ್ದರೆ ಬೆರಳಿಗೆ ಬಿಸಿ ತಾಗುತ್ತದಲ್ಲ, ಹಾಗೆ ಒಳಗಿನ ಕಲ್ಲು ಕಾಯುತ್ತದೆ.

ಸಾಂತಾ ಬಾರ್ಬರಾದ ಸ್ಟಾಂಟನ್ ಪೀಲ್, ಏಮ್ಸ್‌ನ ಪ್ಯಾಟ್ರಿಕ್ ಕ್ಯಾಸನ್ ಮತ್ತು ರೇ ರೆನಾಲ್ಡ್ಸ್ ಈ ಲೆಕ್ಕವನ್ನು ಮೂರೇ ಪುಟಗಳಲ್ಲಿ ಬರೆದರು. ಅಯೋ ಒಡಲು ಬಹುಪಾಲು ಕರಗಿರಬೇಕು, ಮೇಲೆ ಜ್ವಾಲಾಮುಖಿಗಳಿರಬಹುದು ಎಂದರು. ‘ಸೈನ್ಸ್’ ಪತ್ರಿಕೆಯಲ್ಲಿ ಅದು ಅಚ್ಚಾದದ್ದು 1979ರ ಮಾರ್ಚ್ 2ರಂದು. ವಾಯೇಜರ್ 1 ಗುರುವನ್ನು ಸಮೀಪಿಸಿದ್ದು ಮಾರ್ಚ್ 5ರಂದು. ಮಾರ್ಚ್ 9ರಂದು ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ಲಿಂಡಾ ಮೊರಾಬಿಟೊ, ನೌಕೆಯ ದಾರಿ ಗುರುತಿಸಲೆಂದು ತೆಗೆದ ಒಂದು ಚಿತ್ರವನ್ನು ಹಿಗ್ಗಿಸಿ ನೋಡುವಾಗ ಅಯೋ ಅಂಚಿನಿಂದ ಕೊಡೆಯಂತೆ ಹರಡಿದ್ದ ಮಬ್ಬು ಕಂಡರು. ಅದು ಜ್ವಾಲಾಮುಖಿಯ ಚಿಲುಮೆ. ವಿಜ್ಞಾನದಲ್ಲಿ ಭವಿಷ್ಯ ನುಡಿದು ವಾರದೊಳಗೆ ಹೌದೆನಿಸಿಕೊಂಡವರು ಬಹಳ ಇಲ್ಲ. ಪಂಚಾಂಗದವರಿಗೂ ಗುರುವಿನ ಮೇಲೆ ಬಹಳ ಭರವಸೆಯಿದೆ, ಆದರೆ ಅವರು ಹೀಗೆ ತಾರೀಖು ಹಾಕಿ ಅಚ್ಚು ಮಾಡಿಸುವುದಿಲ್ಲ.

ಅಯೋ ವಾಸಕ್ಕೆ ಯೋಗ್ಯವಲ್ಲ, ಗಂಧಕ ಉಗುಳುವ ಕುಲುಮೆ. ಆದರೆ ಅದರ ಪಕ್ಕದ ಯುರೋಪಾ ಮೇಲೆ ಹಿಮದ ಚಿಪ್ಪಿದೆ. ಅದೇ ವರ್ಷ ಅದೇ ಮೂವರು, ಜಗ್ಗಾಟದ ಬಿಸಿ ಆ ಹಿಮದಡಿಯಲ್ಲಿ ನೀರನ್ನು ದ್ರವವಾಗಿಯೇ ಇಟ್ಟಿರಬಹುದೇ ಎಂದು ಇನ್ನೊಂದು ಪ್ರಬಂಧದಲ್ಲಿ ಕೇಳಿದರು. 1983ರಲ್ಲಿ ರೆನಾಲ್ಡ್ಸ್ ಮತ್ತು ಏಮ್ಸ್ ಸಹೋದ್ಯೋಗಿಗಳು ಯುರೋಪಾದ ವಾಸಯೋಗ್ಯತೆಯ ಬಗ್ಗೆಯೇ ಬರೆದರು. 1987ರಲ್ಲಿ ರೆನಾಲ್ಡ್ಸ್ ಅವರೇ ಕ್ರಿಸ್ ಮೆಕೇ ಮತ್ತು ಕಾಸ್ಟಿಂಗ್ ಜೊತೆ ಸೇರಿ, ದೈತ್ಯ ಗ್ರಹಗಳ ಸುತ್ತಲೂ ವಾಸಯೋಗ್ಯ ವಲಯಗಳಿರಬಹುದು ಎಂದು ಮಂಡಿಸಿದರು. ಸೂರ್ಯನ ಬೆಳಕು ಭೂಮಿಯ 27ರಲ್ಲಿ ಒಂದು ಪಾಲು ಮಾತ್ರ ತಲುಪುವ ಕಡೆ, ಮೇಲ್ಮೈ ಸೊನ್ನೆಗಿಂತ 160 ಡಿಗ್ರಿ ಕೆಳಗಿರುವ ಕಡೆ! ಅಂದರೆ 1993ರಲ್ಲಿ ಸೂರ್ಯನ ಸುತ್ತ ಗೆರೆ ಎಳೆದ ಮೂವರಲ್ಲಿ ಇಬ್ಬರು ಅದಕ್ಕೆ ಆರು ವರ್ಷ ಮೊದಲೇ ಗೆರೆಯಾಚೆಗಿನ ಜಾಗದ ಬಗ್ಗೆ ಬರೆದಾಗಿತ್ತು. ಗೆರೆ ಎಳೆದವರಿಗೆ ಅದರ ಮಿತಿ ಗೊತ್ತಿತ್ತು. ಸುದ್ದಿಮನೆಗಳಿಗೆ ತಲುಪಿದ್ದು ಗೆರೆ ಮಾತ್ರ.

1990ರ ದಶಕದ ಕೊನೆಯಲ್ಲಿ ಗೆಲಿಲಿಯೊ ನೌಕೆಯ ಕಾಂತಮಾಪಕ ಯುರೋಪಾದ ಒಳಗೆ ವಿದ್ಯುತ್ ಹರಿಸಬಲ್ಲ ಪದರವಿದೆ ಎಂದು ತೋರಿಸಿತು. ಉಪ್ಪುನೀರಿನ ಸಾಗರ ಎಂಬುದು ಅದಕ್ಕೆ ಹೊಂದುವ ವಿವರಣೆ. 2005ರಲ್ಲಿ ಕಸ್ಸಿನಿ ನೌಕೆ, ಶನಿಯ ಸುತ್ತಲಿನ ಐನೂರು ಕಿ.ಮೀ. ಅಗಲದ ಎನ್ಸೆಲಾಡಸ್ ಎಂಬ ಪುಟ್ಟ ಚಂದ್ರನ ದಕ್ಷಿಣ ಧ್ರುವದಿಂದ ನೀರಾವಿ ಚಿಮ್ಮುವುದನ್ನು ಕಂಡಿತು.

ಬೇರೆ ನಕ್ಷತ್ರಗಳ ಗ್ರಹಗಳ ತೂಕ ನೋಡುವುದು ಹೇಗೆ? ಅದಕ್ಕೂ ಗುರುತ್ವವೇ ತಕ್ಕಡಿ. ಗ್ರಹ ನಕ್ಷತ್ರವನ್ನು ಸುತ್ತುವಾಗ ನಕ್ಷತ್ರವೂ ತುಸು ಅಲ್ಲಾಡುತ್ತದೆ. ನಮ್ಮ ಗುರು ಸೂರ್ಯನನ್ನು ಸೆಕೆಂಡಿಗೆ 12.5 ಮೀಟರ್ ವೇಗದಲ್ಲಿ ಅಲ್ಲಾಡಿಸುತ್ತದೆ, ಭೂಮಿಯಿಂದ ಆಗುವುದು ಒಂಬತ್ತೇ ಸೆಂಟಿಮೀಟರ್. ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ವಿಶ್ವವಿದ್ಯಾಲಯದ ಜೆಫ್ರಿ ಮಾರ್ಸಿ ಮತ್ತು ಪಾಲ್ ಬಟ್ಲರ್ 1987ರಿಂದ ಲಿಕ್‌ನಲ್ಲಿ ಇದರ ಬೆನ್ನು ಹತ್ತಿದ್ದರು. ನಕ್ಷತ್ರದ ಬೆಳಕನ್ನು ಅಯೋಡಿನ್ ಆವಿ ತುಂಬಿದ ಗಾಜಿನ ಕೋಶದ ಮೂಲಕ ಹಾಯಿಸಿ, ಅಯೋಡಿನ್ನಿನ ಗೆರೆಗಳನ್ನೇ ಅಳತೆಗೋಲಾಗಿಸಿಕೊಂಡು ನಕ್ಷತ್ರದ ವೇಗ ಅಳೆಯುವುದು ಅವರ ಉಪಾಯ. ಗುರುವಿನಂಥ ಗ್ರಹಕ್ಕೆ ಹನ್ನೆರಡು ವರ್ಷದ ಸುತ್ತು ತಾನೇ ಎಂದು ನಿಧಾನವಾಗಿ ದತ್ತಾಂಶ ಕೂಡಿಹಾಕುತ್ತಿದ್ದಾಗ, 1995ರ ಅಕ್ಟೋಬರ್‌ನಲ್ಲಿ ಸ್ವಿಸ್ ವಿಜ್ಞಾನಿಗಳಾದ ಮೇಯರ್ ಮತ್ತು ಕೆಲೋ 51 ಪೆಗಾಸಿ ನಕ್ಷತ್ರಕ್ಕೆ ನಾಲ್ಕೇ ದಿನಕ್ಕೆ ಸುತ್ತು ಬರುವ ಗ್ರಹವಿದೆ ಎಂದು ಸಾರಿದರು. ಮಾರ್ಸಿ, ಬಟ್ಲರ್ ಕೆಲವೇ ದಿನಗಳಲ್ಲಿ ಲಿಕ್‌ನಿಂದ ಅದನ್ನು ಖಚಿತಪಡಿಸಿ, ತಮ್ಮ ಹಳೆಯ ದತ್ತಾಂಶವನ್ನು ಕೆದಕಿ ಮುಂದಿನ ಜನವರಿಯಲ್ಲಿ ಇನ್ನೆರಡು ಗ್ರಹಗಳನ್ನು ಹೆಕ್ಕಿದರು.

ಲಿಕ್‌ಗೆ ಹಣ ಕೊಟ್ಟ ಜೇಮ್ಸ್ ಲಿಕ್ ಪಿಯಾನೊ ತಯಾರಕ, ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಿವೇಶನ ಕೊಂಡು ಹಾಕಿ ಸಿರಿವಂತನಾದವನು. ತನ್ನ ನೆನಪಿಗೆ ಊರ ನಡುವೆ ಪಿರಮಿಡ್ ಕಟ್ಟಿಸಬೇಕೆಂದಿದ್ದವನನ್ನು ಯಾರೋ ಪುಣ್ಯಾತ್ಮರು ದೂರದರ್ಶಕದ ಕಡೆ ತಿರುಗಿಸಿದರು. 1888ರಲ್ಲಿ ಕೆಲಸ ಶುರುಮಾಡಿದ 36 ಅಂಗುಲದ ಆ ದೂರದರ್ಶಕದ ಅಡಿಯಲ್ಲೇ ಅವನ ಸಮಾಧಿ. 1892ರಲ್ಲಿ ಅದೇ ದೂರದರ್ಶಕದಿಂದ ಖಗೋಳ ವಿಜ್ಞಾನಿ ಬರ್ನಾರ್ಡ್ ಗುರುವಿನ ಐದನೆಯ ಚಂದ್ರನನ್ನು ಕಂಡುಹಿಡಿದರು, ಗೆಲಿಲಿಯೊ ನಾಲ್ಕನ್ನು ನೋಡಿದ 282 ವರ್ಷಗಳ ಮೇಲೆ. ಬೆಂಗಳೂರಿನ ಲೇಔಟ್ ಧಣಿಗಳಿಗೆ ಇದೊಂದು ಸಲಹೆ ಎಂದು ಬೇಕಾದರೆ ತಿಳಿಯಬಹುದು.

ಗ್ರಹಗಳ ಪಟ್ಟಿಯನ್ನು ಸಾವಿರಗಳಿಗೆ ಏರಿಸಿದ ಕೆಪ್ಲರ್ ದೂರದರ್ಶಕವೂ ಏಮ್ಸ್‌ನದೇ ಕೂಸು. 1962ರಲ್ಲಿ ಅಪೊಲೊ ನೌಕೆಯ ಶಾಖಕವಚದ ಕೆಲಸಕ್ಕೆ ಸೇರಿದ ಬಿಲ್ ಬೊರುಕಿ ಅದರ ಪ್ರಸ್ತಾವವನ್ನು ನಾಸಾ ಮುಂದಿಟ್ಟಾಗ 1990ರ ದಶಕದಲ್ಲಿ ನಾಲ್ಕು ಬಾರಿ ತಿರಸ್ಕೃತವಾಯಿತು. 2001ರಲ್ಲಿ ಒಪ್ಪಿಗೆ ಸಿಕ್ಕಿ, 2009ರಲ್ಲಿ ಹಾರಿ, 2018ರಲ್ಲಿ ಇಂಧನ ಮುಗಿಯುವಷ್ಟರಲ್ಲಿ ಕೆಪ್ಲರ್ 2,600ಕ್ಕೂ ಹೆಚ್ಚು ಗ್ರಹಗಳಿಗೆ ದಾರಿ ತೋರಿತ್ತು. ಗ್ರಹ ಅಡ್ಡ ಹಾದಾಗ ನಕ್ಷತ್ರದ ಬೆಳಕು ಎಷ್ಟು ಕುಗ್ಗುತ್ತದೆಂದು ಅದು ನೋಡುತ್ತಿತ್ತು. ಸೂರ್ಯನೆದುರು ಭೂಮಿ ಹಾದರೆ ಕುಗ್ಗುವುದು ಹತ್ತು ಲಕ್ಷದಲ್ಲಿ 84 ಪಾಲು. ಈ ವಿಧಾನ ಗ್ರಹದ ಅಗಲ ಹೇಳುತ್ತದೆ, ತೂಕವನ್ನಲ್ಲ. 2014ರಲ್ಲಿ ದೊಡ್ಡ ಸುದ್ದಿಯಾದ ಕೆಪ್ಲರ್-186ಎಫ್ ಭೂಮಿಗಿಂತ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ದೊಡ್ಡದು, ವಲಯದಲ್ಲೂ ಇದೆ. ಅದರ ತೂಕವನ್ನು ಯಾರೂ ಅಳೆದಿಲ್ಲ. ಐನೂರಕ್ಕೂ ಹೆಚ್ಚು ಜ್ಯೋತಿರ್ವರ್ಷ ದೂರದ ಆ ಮಂಕು ನಕ್ಷತ್ರದ ಅಲ್ಲಾಟ ನಮ್ಮ ಉಪಕರಣಗಳಿಗೆ ಎಟುಕುವುದಿಲ್ಲ.

ಅಗಲ, ತೂಕ ಎರಡೂ ಸಿಕ್ಕರೆ ಚಿತ್ರವೇ ಬದಲಾಗುತ್ತದೆ. ಕೆ2-18ಬಿ ಅಗಲದಲ್ಲಿ ಭೂಮಿಯ 2.6 ಪಟ್ಟು, ತೂಕದಲ್ಲಿ 8.6 ಪಟ್ಟು. ಭಾಗಿಸಿ ನೋಡಿದರೆ ಅದರ ಸಾಂದ್ರತೆ ಭೂಮಿಯ ಅರ್ಧಕ್ಕೆ ಬರುತ್ತದೆ. ಬರೀ ಬಂಡೆಯ ಗ್ರಹ ಇಷ್ಟು ಹಗುರ ಇರಲಾರದು. ನೀರೋ ದಪ್ಪನೆಯ ಜಲಜನಕದ ಹೊದಿಕೆಯೋ ಸಾಕಷ್ಟು ಇರಲೇಬೇಕು. ಕಾಲೂರುವ ನೆಲ ಅಲ್ಲಿದೆಯೇ ಎಂಬುದೇ ಪ್ರಶ್ನೆ. ಕಲಾವಿದನ ಚಿತ್ರದ ನೀಲಿ ಸಮುದ್ರಕ್ಕೆ ದಡ ಎಲ್ಲಿಂದ ಬಂತು?

ಯುರೋಪಾಕ್ಕೆ ಹೊರಟ ಯುರೋಪಾ ಕ್ಲಿಪ್ಪರ್ ನೌಕೆ 2024ರ ಅಕ್ಟೋಬರ್ 14ರಂದು ಫ್ಲಾರಿಡಾದಿಂದ ಹಾರಿತು. 2030ರ ಏಪ್ರಿಲ್‌ನಲ್ಲಿ ಗುರುವನ್ನು ತಲುಪಿ, ಮುಂದೆ ಯುರೋಪಾದ ಪಕ್ಕ 49 ಸಲ ಹಾಯಬೇಕು, ಕೆಲವೊಮ್ಮೆ ನೆಲದಿಂದ 25 ಕಿ.ಮೀ. ಎತ್ತರದಲ್ಲಿ. ಅದರಲ್ಲಿ ಕ್ಯಾಮೆರಾ, ರೇಡಾರ್, ಕಾಂತಮಾಪಕ ಎಲ್ಲ ಇವೆ. ನನಗೆ ಕುತೂಹಲವಿರುವುದು ವಿಶೇಷ ಪೆಟ್ಟಿಗೆಯೇ ಬೇಕಿಲ್ಲದ ಪ್ರಯೋಗದ ಮೇಲೆ. ಹಾಯುವಾಗ ಯುರೋಪಾದ ಎಳೆತಕ್ಕೆ ನೌಕೆಯ ವೇಗ ಎಷ್ಟು ಬದಲಾಯಿತು ಎಂಬುದನ್ನು ಭೂಮಿಗೆ ಬರುವ ರೇಡಿಯೊ ಅಲೆಯ ಏರಿಳಿತದಿಂದಲೇ ಲೆಕ್ಕ ಹಾಕುತ್ತಾರೆ. ಗುರುವಿಗೆ ಹತ್ತಿರ ಇದ್ದಾಗ, ದೂರ ಇದ್ದಾಗ, ಮತ್ತೆ ಮತ್ತೆ. ಆ ಲೆಕ್ಕದಿಂದ ಮೂರೂವರೆ ದಿನಕ್ಕೊಮ್ಮೆ ಹಿಮದ ಚಿಪ್ಪು ಎಷ್ಟು ಉಬ್ಬಿಳಿಯುತ್ತದೆ ಎಂದು ತಿಳಿಯುತ್ತದೆ. ಯುರೋಪಾ ತಳದವರೆಗೂ ಗಟ್ಟಿಯಾಗಿದ್ದರೆ ಸುಮಾರು ಒಂದು ಮೀಟರ್, ಚಿಪ್ಪಿನಡಿ ಸಾಗರ ತೇಲಾಡುತ್ತಿದ್ದರೆ ಮೂವತ್ತು ಮೀಟರ್.